ಅಧಿಕ ಮಾಸದ ಅವ್ವ

ನಿನ್ನೆ ಮನೆಗೆ ಬಂದ ವಿಮೆ ಏಜೆಂಟ ಟೀಪಾಯಿ ಮೇಲೆ ಒಂದು ಬಣ್ಣದ ಹಾಳೆ ಬಿಚ್ಚಿಟ್ಟ. ಅದರಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ ಸಮುದ್ರದ ದಂಡೆಯಲ್ಲಿ ನಗುತ್ತ ನಿಂತಿದ್ದಾರೆ. ಇಬ್ಬರಿಗೂ ಬಾಯಿ ತುಂಬ ಹಲ್ಲು. ಇಂಥವರನ್ನು ನೋಡಿಕೊಳ್ಳಲು ವಿಮೆ ಏಕೆ ಬೇಕು, ನೀವೇ ಹೇಳಿ. ಅವರೇ ನಾಲ್ಕು ಮಂದಿಯನ್ನು ನೋಡಿಕೊಂಡಾರು. "ಮುಪ್ಪಿನ ಕಾಲದಾಗ ಮನ್ಯಾಗ ಆರೈಕೆ ಮಾಡಾಕ ಈ ಪಾಲಿಸಿ ಐತ್ರಿ, ಅಜ್ಜಿ" ಎಂದ. "ಅಜ್ಜಿ ಅನಬ್ಯಾಡ, ಮುಂದ ಹೇಳು" ಎಂದೆ.

ಯಾವ ಯಾವುದಕ್ಕೆ ಹಣ ಬರುವುದಿಲ್ಲ ಎಂಬುದನ್ನು ಅವನು ಓದತೊಡಗಿದಾಗ ನನ್ನ ಮನಸ್ಸು ಘಟಪ್ರಭಾದಲ್ಲಿ ನಾವಿದ್ದ ಹಳೆಯ ರೇಲ್ವೆ ಕ್ವಾರ್ಟರ್ಸಿಗೆ ಹೋಗಿಬಿಟ್ಟಿತು.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿದ ಮೇಲೆ ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಬಾಯಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ನನ್ನ ಮೂವರು ಅಣ್ಣಂದಿರಿಗೆ ಅನುಕೂಲವಾಗುತ್ತಿತ್ತು. ದೊಡ್ಡಣ್ಣ ಗೋಕಾಕದಲ್ಲಿ ವಿಮೆ ಏಜೆಂಟ, ನಡುವಿನವನದು ಮೂಡಲಗಿಯಲ್ಲಿ ಅರಿವೆ ಅಂಗಡಿ, ಸಣ್ಣಣ್ಣ ಹುಕ್ಕೇರಿಯಲ್ಲಿ ಮಾಸ್ತರ. ಅವ್ವನನ್ನು ಯಾರು ನೋಡಬೇಕೆಂದು ಎಲ್ಲರೂ ಕೂತಾಗ ನಡುವಿನಣ್ಣ ಕೇಳಿದ: "ಅಣ್ಣಾ, ಊರಿಗೆಲ್ಲ ಪಾಲಿಸಿ ಮಾಡಸ್ತಿ. ಅವ್ವಗ ಏನರ ಬರತೈತೇನು?"

"ಸತ್ರ ಬರತೈತಿ. ದವಾಖಾನಿಗೆ ಬಿದ್ರ ಒಂದೀಟು ಬರತೈತಿ. ಸುಮ್ಮ ಮುಪ್ಪಾಗಿ ಮನ್ಯಾಗ ಕುಂತ್ರ ಏನೂ ಬರೂದಿಲ್ಲ."

"ಹಂಗಾರ ನಾ ಏನ್ ಮಾಡ್ಲಿ?" ಎಂದಳು ಅವ್ವ.

ಸಣ್ಣಣ್ಣ ಬೆಳಗಾವಿಯ ವೃದ್ಧಾಶ್ರಮದ ಮಾತೆತ್ತಿದ. ಮಂದಿ ಏನೆಂದಾರು ಎಂದು ಉಳಿದವರು ಅವನ ಬಾಯಿ ಮುಚ್ಚಿಸಿದರು. ಪಗಾರದ ಹೆಣ್ಣಾಳು ಅವ್ವನಿಗೇ ಬೇಡವಾಯಿತು. "ನಮ್ಮನ್ಯಾಗ ಇರಲಿ" ಎಂದೆ ನಾನು. ಆಗ ಮಾತ್ರ ಮೂವರೂ ಒಂದಾದರು. ಮೂವರು ಗಂಡುಮಕ್ಕಳಿರುವಾಗ ತಾಯಿ ಮಗಳ ಮನೆಯ ಕೂಳು ತಿನ್ನುವುದೇ?

ಕಡೆಗೆ ಪಾಳಿ ಗೊತ್ತಾಯಿತು. ನಮ್ಮ ಕಡೆ ಹೊಲಕ್ಕೆ ನೀರು ಬಿಡಲು ಪಾಳಿ ಇರುತ್ತದೆ, ತಾಯಿಗೂ ಇರುತ್ತದೆ. ದೊಡ್ಡಣ್ಣ ಬಹಳ ಶ್ರದ್ಧೆಯಿಂದ ಮಾಸಗಳ ಹೆಸರು ಹಿಡಿದು ಹಂಚಿದ: ಚೈತ್ರ ಗೋಕಾಕಕ್ಕೆ, ವೈಶಾಖ ಮೂಡಲಗಿಗೆ, ಜ್ಯೇಷ್ಠ ಹುಕ್ಕೇರಿಗೆ, ಮತ್ತೆ ಅದೇ ಸುತ್ತು. ಹೀಗಾದರೆ ಶ್ರಾವಣ ಒಬ್ಬರಿಗೆ, ಗಣಪತಿ ಒಬ್ಬರಿಗೆ, ದಸರಾ ಒಬ್ಬರಿಗೆ; ಅಣ್ಣಂದಿರ ಹೆಂಡಿರಲ್ಲಿ ಯಾವ ವೈನಿಯೂ ಗೊಣಗುವಂತಿಲ್ಲ. ಪ್ರತಿ ಅಮಾವಾಸ್ಯೆಗೆ ಅವ್ವನ ಅದಲುಬದಲು. ಘಟಪ್ರಭಾ ನಡುವೆ ಬರುತ್ತದೆಂದು ಅದು ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ಒಬ್ಬ ತಂದು ಇಳಿಸುತ್ತಿದ್ದ, ಇನ್ನೊಬ್ಬ ಕರೆದೊಯ್ಯುತ್ತಿದ್ದ. ಚಹಾ ಕುಡಿಯುವಷ್ಟು ಹೊತ್ತು ಅವ್ವ ನನಗೆ ಸಿಗುತ್ತಿದ್ದಳು.

ಒಂದು ವರ್ಷ ವೈಶಾಖದ ಅಮಾವಾಸ್ಯೆಗೆ ಮೂಡಲಗಿಯಣ್ಣ ಅವ್ವನನ್ನು ಇಳಿಸಿ ತಿರುಗಿ ಬಸ್ಸು ಹಿಡಿದ. ಹುಕ್ಕೇರಿಯವನ ಸುಳಿವೇ ಇಲ್ಲ. ಫೋನು ಮಾಡಿದರೆ ಪಾಠ ಹೇಳುವ ದನಿಯಲ್ಲಿ ಹೇಳಿದ: "ತಂಗೀ, ಕ್ಯಾಲೆಂಡರ್ ನೋಡು. ನಾಳಿಂದ ಅಧಿಕ ಜ್ಯೇಷ್ಠ. ನಂದು ನಿಜ ಜ್ಯೇಷ್ಠ." ಮೂಡಲಗಿಯವನು ತನ್ನ ವೈಶಾಖ ಮುಗಿಯಿತೆಂದ. ಕರಾರಿನಲ್ಲಿ ಹದಿಮೂರನೆಯ ತಿಂಗಳು ಬರುವುದಿಲ್ಲವೆಂದು ದೊಡ್ಡಣ್ಣ ವಿಷಾದದಿಂದ ತಿಳಿಸಿದ. ಮೂವರ ಮಾತೂ ಖರೆ. ಸೂರ್ಯ ಚಂದ್ರರ ಲೆಕ್ಕ ಸರಿಹೊಂದಲೆಂದು ಪಂಚಾಂಗದವರು ಸೇರಿಸಿದ ಆ ತಿಂಗಳಲ್ಲಿ ನಮ್ಮವ್ವ ಯಾರ ತಾಯಿಯೂ ಅಲ್ಲ.

ನಮ್ಮ ಮನೆಯವರು ಸ್ಟೇಶನ್ನಿನ ಡ್ಯೂಟಿ ಮುಗಿಸಿ ಬಂದಾಗ ಅವ್ವ ಗೋಡೆಗೊರಗಿದ್ದಲ್ಲೇ ಸೆರಗು ಸರಿಮಾಡಿಕೊಂಡಳು. "ಅಧಿಕ ಮಾಸದಾಗ ಅಳಿಯಗ ಏನರ ದಾನ ಕೊಡೂದು ಪದ್ಧತಿ ಐತ್ರಿ. ಈ ಸಲ ನಾನ ಬಂದೇನಿ."

ಅವರು ಚಪ್ಪಲಿ ಬಿಡುತ್ತ, "ಬೆಳ್ಳಿ ತಾಟಿಗಿಂತ ಛಲೋ ಆತ್ರಿ" ಎಂದರು.

ಅವ್ವನನ್ನು ಎತ್ತಿ ಕೂಡಿಸುವುದು, ಬಚ್ಚಲಿಗೆ ಒಯ್ಯುವುದು, ಹಾಸಿಗೆ ಒಗೆಯುವುದು. ವಾರದಲ್ಲಿ ನನ್ನ ಸೊಂಟ ಬಿದ್ದುಹೋಯಿತು. ವೈನಿಯರ ಕಷ್ಟ ಆಗ ತಿಳಿಯಿತು; ಅದನ್ನು ಅವರ ಮುಂದೆ ಹೇಳುವಷ್ಟು ಒಳ್ಳೆಯವಳು ನಾನಲ್ಲ. ಆದರೂ ಅಷ್ಟು ಸುಖವಾಗಿ ನಾನು ಯಾವ ತಿಂಗಳೂ ಇರಲಿಲ್ಲ. ನನ್ನ ರೊಟ್ಟಿ ದಪ್ಪವೆಂದು ಬೈಯುತ್ತ, ಹಾಲಿನಲ್ಲಿ ನೆನೆಸಿಕೊಂಡು ಅವ್ವ ತಿಂದಳು. ದೊಡ್ಡಣ್ಣ ನೋಡಲು ಬಂದವನು ಹಲ್ಲಿಲ್ಲದ ತಾಯಿಗೆ ಕರದಂಟು ತಂದಿದ್ದ.

ತಿಂಗಳು ಮುಗಿದ ಅಮಾವಾಸ್ಯೆಗೆ ಹುಕ್ಕೇರಿಯಣ್ಣ ತಪ್ಪದೆ ಹಾಜರಾದ. "ನಾ ಇಲ್ಲೇ ಇರ್ತೇನಿ" ಎಂದಳು ಅವ್ವ. "ಯಾಕ, ನಾವೇನು ಸತ್ತೇವೇನು?" ಎನ್ನುತ್ತ ಅವನು ಅವಳನ್ನು ಎತ್ತಿಕೊಂಡ. ಮುಂದೆ ಇಂಥ ಗೊಂದಲ ಬೇಡವೆಂದು ಅಣ್ಣಂದಿರು ಕರಾರಿಗೆ ತಿದ್ದುಪಡಿ ಮಾಡಿದರು: ಇನ್ನು ಅಧಿಕ ಮಾಸವೆಲ್ಲ ತಂಗಿಗೆ. ಗೆದ್ದೆನೆಂದು ನಾನು ಹಿಗ್ಗಿದೆ. ಅಧಿಕ ಮಾಸ ಬರುವುದು ಮೂರು ವರ್ಷಕ್ಕೊಮ್ಮೆ. ಅವ್ವ ಮರುವರ್ಷದ ಚೈತ್ರದಲ್ಲಿ, ಗೋಕಾಕದ ಪಾಳಿಯಲ್ಲಿ ತೀರಿಕೊಂಡಳು.

ಏಜೆಂಟನ ಪಾಲಿಸಿ ಕೆಟ್ಟದ್ದೇನಲ್ಲ. ಮನೆಗೆ ಬಂದು ನೋಡುವ ಆಳಿನ ಪಗಾರ ಕೊಡುತ್ತದಂತೆ. ಸಹಿ ಹಾಕಿ ಅವನನ್ನು ಕಳಿಸಿದೆ. ಆಮೇಲೆ ಮಗಳಿಗೆ ಫೋನು ಮಾಡಿದೆ. ನನ್ನ ಮೊಣಕಾಲು ಕೈಕೊಟ್ಟಾಗಿನಿಂದ ಅವಳು ಕರೆಯುತ್ತಲೇ ಇದ್ದಾಳೆ. ಮಗ ಇರುವಾಗ ಮಗಳ ಮನೆಗೆ ಹೇಗೆ ಬರಲಿ ಎಂದು ನಾನು, ಬೇರೆ ಯಾರೂ ಅಲ್ಲ, ನಾನೇ ಹೇಳುತ್ತ ಬಂದಿದ್ದೆ.

"ನಾಳಿ ಬರಾಕತ್ತೇನಿ" ಎಂದೆ.

"ಎಷ್ಟ ದಿನ ಇರ್ತಿ ಅವ್ವಾ?"

"ನೀ ಕ್ಯಾಲೆಂಡರ್ ನೋಡಬ್ಯಾಡ" ಎಂದೆ.