ಹೊಂಗೆ ಸಾಲು ಕಡಿದ ಮೇಲೆ ಬೀಸಿದ ಗಾಳಿ

ನನ್ನ ಚಿಕ್ಕಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೂ ಅವನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಯುದ್ಧದ ಕಾಲ. ಸೀಮೆಎಣ್ಣೆಗೆ ರೇಷನ್. ಹೊಸಕೋಟೆಯಿಂದ ಜಡಿಗೇನಹಳ್ಳಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಚಿಕ್ಕಪ್ಪ ಅಕ್ಕಿ ಮಿಲ್ಲು ಹಾಕಿದ್ದ. ಅದರ ಪಶ್ಚಿಮಕ್ಕೂ ಉತ್ತರಕ್ಕೂ ನಮ್ಮ ಹೊಲ. ಬದುವಿನುದ್ದಕ್ಕೂ ಅಪ್ಪ ನೆಟ್ಟ ಹೊಂಗೆ ಮರಗಳು. ಅಪ್ಪ ತೀರಿಹೋದ ಮೇಲೆ ಆ ಮರಗಳ ಬೀಜದ ಎಣ್ಣೆಯಿಂದಲೇ ನಮ್ಮ ಮನೆಯ ದೀಪ ಉರಿಯುತ್ತಿತ್ತು. ಅಮ್ಮ ಮತ್ತು ನಾನು ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಚಿಕ್ಕಪ್ಪ ಇಡೀ ಸಾಲನ್ನೇ ಕಡಿಸಿ, ಮಿಲ್ಲಿನ ಬಾಯ್ಲರಿಗೆ ಸೌದೆ ಮಾಡಿಕೊಂಡಿದ್ದ.

"ಅಣ್ಣನ ಮರ ಅಂದ್ರೆ ನನ್ನವೂ ಅಲ್ವೇನತ್ಗೆ?" ಅಂದ. ಅಮ್ಮ ಬೊಡ್ಡೆಗಳ ನಡುವೆ ನಿಂತು ಅತ್ತಳು. ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಆಷಾಢ ಬಂತು. ನಮ್ಮ ಹೊಲದಾಚೆಯ ಬತ್ತಿದ ಕೆರೆಯಂಗಳದ ಮೇಲಿಂದ ಪಶ್ಚಿಮದ ಗಾಳಿ ತಡೆಯಿಲ್ಲದೆ ಒಂದೇ ಸಮನೆ ಬೀಸಿತು. ಮಿಲ್ಲಿನ ಉದ್ದನೆಯ ಕಬ್ಬಿಣದ ಹೊಗೆಕೊಳವೆ ಗುಂಯ್ಗುಡುತ್ತಾ ಓಲಾಡತೊಡಗಿತು. ಗಾಳಿ ತಳ್ಳುತ್ತಿದೆ ಎಂದುಕೊಂಡು ಚಿಕ್ಕಪ್ಪ ಪೂರ್ವ ಪಶ್ಚಿಮಕ್ಕೆ ತಂತಿ ಎಳೆದು ಬಿಗಿಸಿದ. ದರಿದ್ರದ್ದು ಉತ್ತರ ದಕ್ಷಿಣಕ್ಕೆ ಓಲಾಡುತ್ತಲೇ ಇತ್ತು! ಬಿರುಗಾಳಿ ಎದ್ದು ಎತ್ತೆತ್ತಲೋ ನುಗ್ಗಿದ ದಿನ ಮಾತ್ರ ತೆಪ್ಪಗಿರುತ್ತಿತ್ತು. ಅಪ್ಪನೇ ಬಂದು ಅಲ್ಲಾಡಿಸುತ್ತಿದ್ದಾನೆ ಎಂದು ಊರವರು ಆಡಿಕೊಂಡರು. ನಾನು ಅಲ್ಲವೆನ್ನಲಿಲ್ಲ.

ಚಿಕ್ಕಪ್ಪ ಬೆಂಗಳೂರಿನಿಂದ ಕರೆಸಿದ ಇಂಜಿನಿಯರು ಮೊದಲು ಬೊಡ್ಡೆಗಳನ್ನು ನೋಡಿದರು. ಕೊಳವೆಯನ್ನು ದಾಟುವ ಗಾಳಿ ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತದಂತೆ. ಗಾಳಿ ಒಂದೇ ಸಮ ಇದ್ದರೆ ಆ ಸುಳಿಗಳು ಉಯ್ಯಾಲೆ ತೂಗಿದಂತೆ ತಾಳ ಹಿಡಿದು ಕೊಳವೆಯನ್ನು ಗಾಳಿಗೆ ಅಡ್ಡಡ್ಡಲಾಗಿ ಎಳೆದಾಡುತ್ತವಂತೆ.

"ಮರ ಇದ್ದಾಗ ಗಾಳಿ ಒಡೆದು ಚೂರಾಗಿ ಬರ್ತಿತ್ತು, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ತಾಳ ಕೂಡ್ತಿರ್ಲಿಲ್ಲ. ಈಗ ಉತ್ತರಕ್ಕೂ ದಕ್ಷಿಣಕ್ಕೂ ತಂತಿ ಕಟ್ಸಿ, ಬೇಗ," ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ದಕ್ಷಿಣಕ್ಕೆ ಅವನದೇ ಜಾಗ. ಉತ್ತರಕ್ಕೆ ಗೂಟ ಹೊಡೆಯಬೇಕಾದದ್ದು ನಮ್ಮ ಹೊಲದಲ್ಲಿ. ಚಿಕ್ಕಪ್ಪ ಬಂದು ಜಗಲಿಯ ಕೆಳಗೇ ನಿಂತ.

"ಅತ್ಗೆ, ಒಂದೇ ಒಂದು ಗೂಟ ಹೊಡ್ಕೋತೀನಿ. ಇಲ್ದಿದ್ರೆ ಮಿಲ್ಲು ಹೋಗ್ಬಿಡ್ತದೆ."

ಅಮ್ಮ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಗೂಟ ಯಾಕಪ್ಪಾ? ಅಲ್ಲೇ ನಿಮ್ಮಣ್ಣ ನೆಟ್ಟ ಮರ ಇತ್ತಲ್ಲ, ಅದಕ್ಕೇ ಕಟ್ಕೋ."

ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ನಮ್ಮ ಹೊಲದಲ್ಲಿ ಗೂಟ ಬೀಳಲಿಲ್ಲ. ಆಷಾಢ ಮುಗಿಯುವ ಮೊದಲೇ, ಆಳುಗಳು ಊಟಕ್ಕೆ ಹೊರಬಂದಿದ್ದ ಒಂದು ಮಧ್ಯಾಹ್ನ, ಕೊಳವೆ ಬುಡದಲ್ಲಿ ಸೀಳಿ ಮಿಲ್ಲಿನ ಹೆಂಚಿನ ಮೇಲೇ ಮಲಗಿತು. ಯಾರಿಗೂ ಪೆಟ್ಟಾಗಲಿಲ್ಲ. ಮಿಲ್ಲು ಮತ್ತೆ ಏಳಲಿಲ್ಲ.

ಆ ಸಂಜೆ ಅಮ್ಮ ಜೋಪಾನ ಮಾಡಿಟ್ಟಿದ್ದ ಕೊನೆಯ ಹೊಂಗೆಣ್ಣೆಯನ್ನು ಪೂರ್ತಿ ಸುರಿದು ದೀಪ ಹಚ್ಚಿದಳು. ಚಿಕ್ಕಪ್ಪನ ಮನೆಗೆ ಕಾಣಲೆಂದು ನಾನು ಅದನ್ನು ಹೊಸ್ತಿಲಿನಾಚೆ ತಂದಿಟ್ಟೆ.