ಬದಲಿಯ ಗುರುತು

ಹೊಸ ಕಂಪ್ಯೂಟರ್ ಬಂದ ದಿನ ನಮ್ಮ ಆಫೀಸಿನಲ್ಲಿ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ನಿಂಬೆಹಣ್ಣು ಕುಯ್ದರು. ಹಳೆಯದನ್ನು ತಿರುಗಿ ನೋಡಿದವರಿಲ್ಲ. ಯಾರೋ ಅದರ ನೆತ್ತಿಯ ಮೇಲೆ ಮಂಡಕ್ಕಿ ತಟ್ಟೆ ಇಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಹಳೇ ಮಿಷನ್ನಿಗೆ ಒಂದೊಂದೇ ಸಾಲು ಬರೆದು ಕೆಲಸ ಕಲಿಸಿದವಳು ನಾನು.

ಎಂಬತ್ತರ ದಶಕದ ಕೊನೆಯ ಮಾತು. ಚಿಕ್ಕಮಗಳೂರಿನ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಎಸ್ಟೇಟುಗಳಿಂದ ಸಿಪ್ಪೆ ಸಮೇತ ಒಣಗಿಸಿದ ಪಾರ್ಚ್‌ಮೆಂಟೂ ಚೆರಿಯೂ ಲಾರಿಗಟ್ಟಲೆ ಬಂದು ಬೀಳುತ್ತಿತ್ತು. ಸಿಪ್ಪೆ ಹೋದ ಮೇಲೆ ಕರಿ ಬೀಜ, ಒಡಕು ಬೀಜ ಆರಿಸಿ ತೆಗೆಯಲು ಉದ್ದದ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಒಬ್ಬೊಬ್ಬಳಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇದ್ದವಳಿಗೆ ಪ್ರತಿ ಸೀಜನ್ನಿನಲ್ಲೂ ಕೆಲಸ ಖಂಡಿತ. ಇಲ್ಲದವಳು ಬೆಳಗಾದರೆ ಗೇಟಿನ ಹೊರಗೆ ನಿಂತು ಮೇಸ್ತ್ರಿಯ ಮುಖ ನೋಡಬೇಕು.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೆರಿಗೆಗೆ ಹೋಗುವವಳು ನಾದಿನಿಯನ್ನೋ ತಂಗಿಯನ್ನೋ ತನ್ನ ಜಾಗದಲ್ಲಿ ಬದಲಿಯಾಗಿ ಕೂರಿಸಿ, ಬಿಲ್ಲೆಯನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದಳು. ಮಗು ಕತ್ತು ನಿಲ್ಲಿಸುವಷ್ಟಾದ ಮೇಲೆ ಇವಳು ಬಂದಳೆಂದರೆ ಅವಳು ಎದ್ದು ಜಾಗ ಬಿಡುತ್ತಿದ್ದಳು. ಹೆರಿಗೆ ರಜೆ ಸೀಜನ್ ಕೆಲಸದವರಿಗಲ್ಲ ಎಂದು ಆಫೀಸು ಕೈತೊಳೆದುಕೊಂಡಿತ್ತು, ಹಾಗಾಗಿ ಹೆಂಗಸರೇ ಮಾಡಿಕೊಂಡ ಏರ್ಪಾಡು ಇದು. ಹಿಂದಿನ ಮ್ಯಾನೇಜರು ಒಪ್ಪಿ ತಲೆಯಾಡಿಸಿದ್ದರು. ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ.

ಆದರೆ ನನ್ನ ಪ್ರೋಗ್ರಾಮಿನಲ್ಲಿ ಇತ್ತು. ಹಾಜರಿ ಬದಲಿಯವಳ ಹೆಸರಿಗೆ ಬೀಳುತ್ತಿದ್ದುದರಿಂದ, ಬಿಲ್ಲೆಯ ಒಡತಿ ಬಾರದವಳ ಲೆಕ್ಕಕ್ಕೆ ಸೇರುತ್ತಿದ್ದಳು. ಬಹಳ ದಿನ ಬಾರದವರ ಹೆಸರು ತಂತಾನೇ ಕಿತ್ತುಹೋಗುತ್ತಿತ್ತು. ಹೆರಿಗೆಗೆ ಹೋದವಳ ಹೆಸರು ಕೀಳಬೇಡ ಎಂದು ಮಿಷನ್ನಿಗೆ ಹೇಳಲು ಒಂದು ಗುರುತು ಬೇಕಿತ್ತು. ಆ ಮಿಷನ್ನಿನಲ್ಲಿ ಜಾಗಕ್ಕೆ ಎಷ್ಟು ಬಡತನವೆಂದರೆ ಹೆಸರುಗಳನ್ನೇ ಮೊಟಕು ಮಾಡಿದ್ದೆವು. ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಮಿಷನ್ನಿನೊಳಗೆ ಸೊನ್ನೆಯೋ ಒಂದೋ ಕೂರುವ ಎಂಟು ಮನೆ. ಏಳು ಮನೆಗಳಲ್ಲೇ ಅಕ್ಷರ ಮುಗಿದು ಎಂಟನೆಯದು ಖಾಲಿ ಬಿದ್ದಿರುತ್ತಿತ್ತು. ಹೆಸರಿನ ಕೊನೆಯ ಅಕ್ಷರದ ಆ ಖಾಲಿ ಮನೆಯಲ್ಲಿ ಬದಲಿಯ ಗುರುತು ಇಟ್ಟೆ. ಆ ದಿನ ನನಗಾದ ಹೆಮ್ಮೆ ಹೇಳಿಕೊಳ್ಳಲು ಆಫೀಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಅನ್ನಿ.

ಆ ಸೀಜನ್ನಿನಲ್ಲಿ ಹಾಗೆ ಹೋದವರಲ್ಲಿ ಮಲ್ಲಂದೂರು ಕಡೆಯ ಒಬ್ಬ ಹುಡುಗಿ ಇದ್ದಳು, ಚೊಚ್ಚಲ ಬಸುರಿ. ನಾದಿನಿಯನ್ನು ಮೇಜಿಗೆ ಕೂರಿಸಿ ನನ್ನ ಕಿಟಕಿಯ ಹತ್ತಿರ ಬಂದು, "ಅಕ್ಕ, ನನ್ ಜಾಗ ಇರುತ್ತಲ್ಲ?" ಎಂದಳು.

"ಇರುತ್ತೆ ಕಣೇ. ನೀನು ಹೆರಿಗೆ ಮುಗಿಸ್ಕೊಂಡು ಬಾ" ಎಂದೆ. ಆ ಮಾತನ್ನು ನಾನು ಗಟ್ಟಿ ನೆಲದ ಮೇಲೆ ನಿಂತೇ ಆಡಿದ್ದೆ.

ಅಷ್ಟರಲ್ಲಿ ಹೊಸ ಮಿಷನ್ ಬಂತು. ಅದರ ಪ್ರೊಸೆಸರೇ ಬೇರೆ ಜಾತಿಯದು, ಹಳೆಯದಕ್ಕೆ ಬರೆದ ಒಂದು ಸಾಲೂ ಅದಕ್ಕೆ ಅರ್ಥವಾಗದು. ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ನಮ್ಮ ಅಬ್ಬನಿಗೆ, ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸುವ ಹಾಗೆ ಎಂದು ವಿವರಿಸಿದೆ. "ಹಾಗಾದ್ರೆ ಕೂರಿಸೋದು ದೊಡ್ಡದಲ್ಲ ಮಗಳೇ. ಹಳೇ ಗಾಡೀಲಿ ಏನೇನು ಬಿಚ್ಚಿ ಪಕ್ಕಕ್ಕಿಟ್ರೋ ಅದನ್ನ ನೋಡ್ಕೋ" ಎಂದರು.

ಮಿಷನ್ ಕಂಪನಿಯವನು ಬೆಂಗಳೂರಿನಿಂದ ಬಂದ. ಹಳೆಯ ಸಾಲುಗಳನ್ನು ಹೊಸ ಮಿಷನ್ನಿನ ಭಾಷೆಗೆ ತಿರುಗಿಸುವ ಇನ್ನೊಂದು ಪ್ರೋಗ್ರಾಮ್ ತಂದಿದ್ದ. ಅದು ತಿರುಗಿಸಿದ್ದರಲ್ಲಿ ಅಡ್ಡಾದಿಡ್ಡಿಯಾದದ್ದನ್ನೆಲ್ಲ ನಾನು ಕೂತು ತಿದ್ದಿದೆ. ಕೊನೆಗೆ ಶೆಡ್ಡಿನ ಹೆಸರುಗಳು ಪರದೆಯ ಮೇಲೆ ಬಂದವು. ಕೆಲವು ಹೆಸರುಗಳ ಬಾಲದಲ್ಲಿ ಅಕ್ಷರದ ಬದಲು ಸೊಟ್ಟಪಟ್ಟ ಗೀಟುಗಳು. ಹೊಸ ಮಿಷನ್ ಎಂಟನೆಯ ಮನೆಯನ್ನೂ ಬಳಸುತ್ತಿತ್ತು, ನನ್ನ ಗುರುತು ಅದರ ಕಣ್ಣಿಗೆ ಯಾವುದೋ ಪರದೇಶಿ ಅಕ್ಷರವಾಗಿ ಕಂಡಿತ್ತು.

"ಡೇಟಾದಲ್ಲಿ ಕಸ ಇದೆ ಮೇಡಂ" ಎಂದ.

ಕಸವಲ್ಲಪ್ಪ, ಬಸುರಿ ಬಾಣಂತಿಯರು ಎಂದು ಬಿಡಿಸಿ ಹೇಳಿದೆ. ಪಾಪ, ಒಳ್ಳೆಯವನು. "ಅಷ್ಟೇನಾ? ಇದರಲ್ಲಿ ಬೇಕಾದಷ್ಟು ಜಾಗ ಇದೆ. ಬದಲಿ ಅಂತ ಬೇರೆ ಕಾಲಮ್ ಮಾಡಿದ್ರಾಯ್ತು. ನಿಮ್ಮ ಮ್ಯಾನೇಜರು ಹ್ಞೂಂ ಅಂದ್ರೆ ಇವತ್ತೇ ಆಗುತ್ತೆ" ಎಂದ.

ಮ್ಯಾನೇಜರು ಹ್ಞೂಂ ಅನ್ನಲಿಲ್ಲ. ಇವರು ಹೊಸಬರು, ಟೈ ಕಟ್ಟಿ ಶೆಡ್ಡಿನ ಬಾಗಿಲ ತನಕ ಬಂದು ಧೂಳೆಂದು ಮೂಗು ಮುಚ್ಚಿಕೊಂಡು ಹಿಂದಿರುಗುವ ಪೈಕಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಈ ಬದಲಿ ಅನ್ನೋದು ಯಾವ ರೂಲಲ್ಲಿದೆ ತೋರ್ಸಿ" ಎಂದರು.

"ರೂಲಲ್ಲಿಲ್ಲ ಸಾರ್. ಆದ್ರೆ ಮೊದಲಿಂದ ನಡ್ಕೊಂಡು ಬಂದಿದೆ."

"ಹಳೇ ಮಿಷನ್ನಿನ ಕಸ ಹಳೇದ್ರಲ್ಲೇ ಇರ್ಲಿ. ಕ್ಲೀನ್ ಮಾಡ್ಸಿ."

ಕಾಲಮ್ ಅಷ್ಟು ಹೊತ್ತಿಗೆ ನಾನು ಮಾಡಿಯೇ ಆಗಿತ್ತು, ಕೆಲಸವನ್ನೂ ಮಾಡುತ್ತಿತ್ತು. ಅವರನ್ನು ಕರೆದು ತೋರಿಸಿದೆ. ಪರದೆಯನ್ನು ನೋಡದೆಯೇ ಕಂಪನಿಯವನಿಗೆ ಕಾಲಮ್ಮನ್ನೂ ಗೀಟುಗಳನ್ನೂ ತೆಗೆಯಲು ಹೇಳಿದರು. ಅವನು ನನ್ನ ಮುಖ ನೋಡಲಾರದೆ ಕೀಲಿ ಒತ್ತಿದ. ಗೀಟುಗಳೆಲ್ಲ ಹೋಗಿ ಹೆಸರುಗಳು ಸಾಬೂನು ಹಾಕಿ ತೊಳೆದ ಹಾಗೆ ನಿಂತವು.

ತಿಂಗಳ ಕೊನೆಗೆ ಹೊಸ ಮಿಷನ್ ಬಾರದವರ ಹೆಸರುಗಳನ್ನು ಕರಕರನೆ ಅಚ್ಚು ಮಾಡಿ ಕೊಟ್ಟಿತು. ಬದಲಿ ಕೂರಿಸಿ ಹೋದವರೆಲ್ಲರೂ ಅದರಲ್ಲಿ ಇದ್ದರು. ಅದನ್ನು ಗೇಟಿಗೆ ಅಂಟಿಸಿದರು. ಅವರ ನಾದಿನಿಯರನ್ನೂ ತಂಗಿಯರನ್ನೂ ಕಳಿಸಲಿಲ್ಲ. ಬಿಲ್ಲೆ ವಾಪಸು ಪಡೆದು, ತಾತ್ಕಾಲಿಕ ಎಂದು ಬರೆದ ರಟ್ಟಿನ ಚೀಟಿ ಕೊಟ್ಟು ಅದೇ ಮೇಜಿನಲ್ಲೇ ಕೂರಿಸಿದರು. ಅವರನ್ನು ಯಾವ ದಿನ ಬೇಕಾದರೂ ಬರಬೇಡ ಅನ್ನಬಹುದು. ಕಸ ಗುಡಿಸಿದ್ದು ಯಾತಕ್ಕೆಂದು ನನಗೆ ಆಗ ಗೊತ್ತಾಯಿತು. ಕೇಳಿದವರಿಗೆಲ್ಲ ಮ್ಯಾನೇಜರದು ಒಂದೇ ಉತ್ತರ: ಹೊಸ ಮಿಷನ್ ಒಪ್ಪುವುದಿಲ್ಲ. ಹಳೆಯದಕ್ಕಿಂತ ಎಷ್ಟೋ ಪಾಲು ದೊಡ್ಡದು, ಚುರುಕು ಎಂದು ಹಾರ ಹಾಕಿಸಿಕೊಂಡ ಮಿಷನ್ನಿಗೆ ಒಂದು ಬಾಣಂತಿಯ ಹೆಸರು ಭಾರವಾಯಿತಂತೆ! ಥೂ, ಹೇಳುವವರಿಗಾದರೂ ನಾಚಿಕೆ ಬೇಡವೇ?

ಮಳೆ ಹಿಡಿಯುವ ಮೊದಲು ಆ ಹುಡುಗಿ ಕೂಸನ್ನು ಎತ್ತಿಕೊಂಡು ಬಂದಳು. ಗೇಟಿನವನು ಒಳಗೆ ಬಿಡಲಿಲ್ಲ. ಮ್ಯಾನೇಜರು ಕಾರು ನಿಲ್ಲಿಸಿ ಅವಳೊಡನೆ ಏನೋ ಮಾತಾಡಿ ಹೋದದ್ದು ಕಿಟಕಿಯಿಂದ ಕಂಡಿತು. ನಾನು ಓಡಿಹೋದೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ನೀವೇನು ಮಾಡ್ತೀರಿ ಅಕ್ಕ. ಸಾಹೇಬ್ರು ಒಳ್ಳೇವ್ರು, ಅವ್ರಿಗೂ ಬೇಜಾರಂತೆ. ಮಿಷನ್ ಒಪ್ಪಿದ್ರೆ ಇವತ್ತೇ ಸೇರಿಸ್ಕೊಳ್ತಿದ್ರಂತೆ."

"ಸುಳ್ಳು! ಮಿಷನ್ ಒಪ್ಪುತ್ತೆ. ನಾನೇ ಮಾಡಿ ತೋರ್ಸಿದ್ದೆ. ತೆಗೆಸಿದ್ದು ಅವ್ರೇ" ಎಂದೆ. ನನ್ನ ದನಿ ಶೆಡ್ಡಿನ ತನಕ ಕೇಳಿಸಿರಬೇಕು.

ಅವಳು ಗಾಬರಿಯಾಗಿ ಆಚೆ ಈಚೆ ನೋಡಿದಳು. ಕೂಸನ್ನು ಒಂದು ತೋಳಿಗೆ ಬದಲಿಸಿಕೊಂಡು ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಹಾಗನ್ಬೇಡಿ ಅಕ್ಕ, ನಿಮ್ ಕಾಲಿಗೆ ಬೀಳ್ತೀನಿ. ಮಿಷನ್ನೇ ಮಾಡಿದ್ದು ಅನ್ನಿ. ಇಲ್ಲಾಂದ್ರೆ ನಮ್ ನಾದಿನೀನೂ ತೆಗೀತಾರೆ."