ಕಷಾಯ ಕೊಟ್ಟಿಲ್ಲ ಎಂದೆ

ಡಾಕ್ಟರರು ಕೇಳಿದಾಗ ನಾನು ಸುಳ್ಳು ಹೇಳಿದೆ. ಅವರು ಹಾಗೆ ಕೇಳಿದ್ದನ್ನು ನಿಮಗೂ ಹೇಳಲಿಲ್ಲ — ನೀವು ತೀರಿಹೋಗುವವರೆಗೂ.

ನಮ್ಮ ಕೊನೆಯ ಸಾಮಾನ್ಯ ದಿನ, ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಹಿಂದಿನ ದಿನ. ನೀವು ಒಬ್ಬರೇ ಬೆಳ್ತಂಗಡಿ ಪೇಟೆಗೆ ಹೋಗಿ ಒಣಮೀನು ತಂದಿರಿ. ನೀವು ಓಡಿಸುತ್ತಿದ್ದ ಮೂಡುಬಿದಿರೆ ಬಸ್ಸಿನವರು ಸಿಕ್ಕಿ, ಯಾವಾಗ ಕೆಲಸಕ್ಕೆ ಬರುವುದು ಎಂದು ಕೇಳಿದರಂತೆ. ಮಧ್ಯಾಹ್ನ ಊಟ ಮಾಡಿ ಮಲಗಿದಿರಿ. ಬೇರೇನೂ ಆಗಲಿಲ್ಲ.

ಪ್ರೊಸ್ಟೇಟ್ ಕ್ಯಾನ್ಸರಿನ ಹಳೆಯ ಇಂಜೆಕ್ಷನ್ ಕೆಲಸ ಮಾಡುವುದು ನಿಂತ ಮೇಲೆ ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಯೋಗದ ಮದ್ದೊಂದನ್ನು ಶುರು ಮಾಡಿದ್ದರು. ಗಡ್ಡೆಯನ್ನು ತಡೆಯುವ ಜೀನ್‌ಗಳು ಹಾಳಾಗಿಲ್ಲ, ಅವುಗಳ ಮೇಲೆ ರಾಸಾಯನಿಕ ಗುರುತುಗಳು ಕೂತು ಅವು ಸುಮ್ಮನಾಗಿವೆ, ಈ ಮದ್ದು ಆ ಗುರುತುಗಳನ್ನು ತೆಗೆದರೆ ಪುನಃ ಕೆಲಸ ಮಾಡಬಹುದು — ಡಾಕ್ಟರರು ನಿಧಾನವಾಗಿ ಹೇಳಿದರು. ನೀವು ನನ್ನ ಕಡೆ ತಿರುಗಿ, “ಕಂಡಕ್ಟರ್ ಸತ್ತಿಲ್ಲ ಮಾರಾಯ್ತಿ, ನಿದ್ರೆ ಮಾಡಿದ್ದಾನೆ. ಎಬ್ಬಿಸಿದರೆ ಬಸ್ಸು ಹೊರಡ್ತದೆ” ಎಂದಿರಿ. ಡಾಕ್ಟರರೂ ನಕ್ಕರು. ಆಮೇಲೆ, ಬೇರೆ ಯಾವ ಮದ್ದೂ ಬೇಡ, ನಾಟಿ ಮದ್ದಂತೂ ಬೇಡವೇ ಬೇಡ ಎಂದರು.

ಮದ್ದು ನಾಟುತ್ತಿತ್ತು. ಬೆನ್ನಿನ ನೋವು ಇಳಿದಿತ್ತು.

ಅಮಾವಾಸ್ಯೆಯ ದಿನ ಎಲ್ಲರೂ ಕುಡಿಯುವ ಕಷಾಯಕ್ಕೆಂದು ಮುಂಡಾಜೆಯಿಂದ ನನ್ನ ತಮ್ಮ ಪಾಲೆ ಮರದ ಕೆತ್ತೆ — ತೊಗಟೆ — ತಂದ. ಕ್ರಮದಂತೆ ಬೆಳಕಾಗುವ ಮೊದಲೇ ಕಲ್ಲಿನಿಂದ ಜಜ್ಜಿ ತೆಗೆದದ್ದು. ಬೆಳ್ಳುಳ್ಳಿ, ಓಮ ಹಾಕಿ ಅರೆದು ಕಷಾಯ ಮಾಡಿದೆ. ನೀವು ಲೋಟ ಹಿಡಿದುಕೊಂಡು, ಡಾಕ್ಟರ್ ಬೇಡ ಹೇಳಿದ್ದಾರಲ್ಲ ಎಂದಿರಿ.

“ಇದು ಮದ್ದಲ್ಲ. ಆಟಿಯ ಕ್ರಮ” ಎಂದೆ.

ನೀವು ಮುಖ ಕಿವುಚಿ ಕುಡಿದಿರಿ, ಮೇಲೆ ಮೆಂತೆ ಗಂಜಿ ಉಂಡಿರಿ. ಅಲ್ಲಿಗೇ ನಿಲ್ಲಿಸಿದ್ದರೆ — ಆದರೆ ಉಳಿದ ಕೆತ್ತೆಯನ್ನು ಒಲೆಯ ಮೇಲೆ ಒಣಗಿಸಿಟ್ಟು ದಿನಾ ಬೆಳಿಗ್ಗೆ ಕೊಟ್ಟೆ. ಗುಣವಾಗುತ್ತಿದೆ, ಬೇಗ ಆಗಲಿ ಎಂದು. ಅದು ಕ್ರಮವಾಗಿರಲಿಲ್ಲ, ಮದ್ದೇ ಆಗಿತ್ತು. ನನಗೆ ಗೊತ್ತಿತ್ತು.

ಮುಂದಿನ ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿದೆ ಎಂದು ಬಂತು. ನೀವು ಸ್ಕ್ಯಾನಿಂಗಿಗೆ ಒಳಗೆ ಹೋಗಿದ್ದಾಗ ಡಾಕ್ಟರರು ನನ್ನ ಹತ್ತಿರ ಬಂದು ಕೇಳಿದರು. “ನಾಟಿ ಮದ್ದು, ಕಷಾಯ, ಏನಾದರೂ ಕೊಟ್ಟಿದ್ದೀರಾ ಅಮ್ಮ?”

“ಇಲ್ಲ” ಎಂದೆ.

ಬೈಯುತ್ತಾರೆಂದು ಹೆದರಿದ್ದೆ. ಅಷ್ಟು ಸಣ್ಣ ಹೆದರಿಕೆ.

ಹಾಗಾದರೆ ಹೊಸ ಮದ್ದಿನಿಂದಲೇ ಆಗಿರಬೇಕು, ಮುಂದುವರಿಸುವುದು ಅಪಾಯ ಎಂದು ಅದನ್ನು ನಿಲ್ಲಿಸಿದರು. ಮನೆಗೆ ಹೊರಟೆವು. ಬಂಟ್ವಾಳ ದಾಟಿದ ಮೇಲೆ, “ನನ್ನ ಮೈಗೆ ಒಗ್ಗಲಿಲ್ಲ, ಯಾರು ಏನು ಮಾಡ್ಲಿಕ್ಕೆ ಆಗ್ತದೆ” ಎಂದಿರಿ. ಆಗಲಾದರೂ ಹೇಳಬಹುದಿತ್ತು. ಕಿಟಕಿಯ ಹೊರಗೆ ನೋಡಿದೆ. ಮನೆಗೆ ಬಂದು ಕೆತ್ತೆಯನ್ನು ಒಲೆಗೆ ಹಾಕಿದೆ. ಮರುದಿನ ನೀವು ಕಷಾಯ ಎಲ್ಲಿ ಎಂದು ಕೇಳಿದಿರಿ. ಮುಗಿಯಿತು ಎಂದೆ.

ಆ ವರ್ಷದ ಸುಗ್ಗಿಯ ಹೊತ್ತಿಗೆ ನೀವು ಇರಲಿಲ್ಲ.

ಎರಡು ಮಳೆಗಾಲ ಕಳೆದು, ಈ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಷಾಯದಿಂದಲೇ ಕೆಟ್ಟಿತೋ ಮದ್ದಿನಿಂದಲೋ ಈಗ ಹೇಳಲಿಕ್ಕೆ ಬರುವುದಿಲ್ಲ ಎಂದರು. ಆಗ ಗೊತ್ತಾಗಿದ್ದರೆ ಕಷಾಯ ಬಿಡಿಸಿ, ಲಿವರ್ ಸರಿಯಾಗುತ್ತದೋ ಎಂದು ಕಾದು ನೋಡಬಹುದಿತ್ತು, ಸರಿಯಾದರೆ ಪುನಃ ಶುರು ಮಾಡಲಿಕ್ಕೆ ಪ್ರಯೋಗ ನಡೆಸುವವರನ್ನು ಕೇಳಬಹುದಿತ್ತು, ಎಂದರು. ಆ ಮದ್ದು ಒಗ್ಗದವರ ಲೆಕ್ಕದಲ್ಲಿ ನಿಮ್ಮನ್ನು ಸೇರಿಸಿದ್ದರಂತೆ. ನಾನು ಹೇಳಿದ್ದನ್ನು ಅವರಿಗೂ ತಿಳಿಸುತ್ತೇನೆ ಎಂದರು.

ಮನೆಗೆ ಬಂದು ನಮ್ಮ ಮಗಳಿಗೂ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಈ ವರ್ಷದ ಆಟಿಗೆ ತಮ್ಮ ಕೆತ್ತೆ ತಂದಿದ್ದ. ಬೇಡ ಎಂದೆ, ಯಾಕೆಂದೂ ಹೇಳಿದೆ. ಈಗ ಯಾರು ಕೇಳಿದರೂ ಹೇಳುತ್ತೇನೆ. ಮೊದಲು ಹೇಳಬೇಕಾಗಿದ್ದದ್ದು ನಿಮಗೆ. ನೀವು ಇಲ್ಲ.